ಚಂಡಮಾರುತಕ್ಕೆ ಹೆಸರಿದೆ, ಎಚ್ಚರಿಕೆಗೆ ಕನ್ನಡ ಎಲ್ಲಿದೆ?



ಬೇಸಿಗೆ ಬಂತೆಂದರೆ ನಮ್ಮ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರದ ಜನ ಎರಡು ಕಡೆ ನೋಡುತ್ತಾರೆ. ಒಂದು, ಮನೆ ಮುಂದಿನ ನಲ್ಲಿ. ಇನ್ನೊಂದು, ಮುನ್ನೂರು ಕಿಲೋಮೀಟರ್ ಆಚೆಗಿನ ಬಂಗಾಳ ಕೊಲ್ಲಿ! ನಲ್ಲಿಯಲ್ಲಿ ಬರೀ ಗಾಳಿ ಬಂದಾಗ, ಕೊಲ್ಲಿಯಲ್ಲಿ ಸುಳಿ ಎದ್ದೀತೇ ಎಂದು ಕಾಯುತ್ತಾರೆ. "ವಾಯುಭಾರ ಕುಸಿತವಂತೆ, ನಾಲ್ಕು ದಿನಕ್ಕೆ ಮಳೆಯಂತೆ" ಎಂಬ ಮಾತು ಹೋಟೆಲಿನಿಂದ ಕ್ಷೌರದಂಗಡಿಗೆ, ಅಲ್ಲಿಂದ ನಮ್ಮ ಪ್ರೆಸ್ಸಿಗೆ ಅರ್ಧ ಗಂಟೆಯಲ್ಲಿ ತಲುಪುತ್ತದೆ. ಮಳೆ ಮಾತ್ರ ಎಷ್ಟೋ ಸಲ ತಲುಪುವುದೇ ಇಲ್ಲ.

ಸುದ್ದಿ ಹುಟ್ಟಿದ ಕಡೆ ಸರಿಯಾಗಿಯೇ ಇರುತ್ತದೆ. ನಮ್ಮ ಕಿವಿಗೆ ಬೀಳುವಷ್ಟರಲ್ಲಿ ಕೆಟ್ಟಿರುತ್ತದೆ. ಕೆಡುವುದು ದಾರಿಯಲ್ಲಿ, ಭಾಷೆಯ ಕೈಯಲ್ಲಿ. ಇವತ್ತು ನಿಮ್ಮ ಮುಂದೆ ಇಡುತ್ತಿರುವುದು ಈ ಒಂದೇ ದೂರು.

೨೦೨೪ನ್ನು ಇಷ್ಟು ಬೇಗ ಮರೆತಿರಾ?

೨೦೨೩ರಲ್ಲಿ ಮುಂಗಾರು ಕೈಕೊಟ್ಟಿತು. ರಾಜ್ಯದ ೨೩೬ ತಾಲೂಕುಗಳಲ್ಲಿ ೨೨೩ನ್ನು ಸರ್ಕಾರ ಬರಪೀಡಿತ ಎಂದು ಘೋಷಿಸಿತು. ಅದರ ಬಿಸಿ ೨೦೨೪ರ ಮಾರ್ಚಿಗೆ ರಾಜಧಾನಿಗೆ ತಟ್ಟಿತು. ನಗರದ ಸುಮಾರು ೧೪ ಸಾವಿರ ಸರ್ಕಾರಿ ಕೊಳವೆ ಬಾವಿಗಳಲ್ಲಿ ೬,೯೦೦ ಒಣಗಿವೆ ಎಂದು ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಅವರೇ ಹೇಳಿದರು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ ಐದು ಸಾವಿರ ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿತು. ಟ್ಯಾಂಕರಿನವರ ದರಕ್ಕೆ ಜಿಲ್ಲಾಡಳಿತ ಮೂಗುದಾರ ಹಾಕಬೇಕಾಯಿತು: ಐದು ಕಿಲೋಮೀಟರಿನೊಳಗೆ ಆರು ಸಾವಿರ ಲೀಟರಿಗೆ ೬೦೦ ರೂಪಾಯಿ ಎಂದು ಗೊತ್ತುಮಾಡಿತು.

ನಮ್ಮ ಪಶ್ಚಿಮ ಬೆಂಗಳೂರಿಗೆ ಒಂದು ಕಾಲದಲ್ಲಿ ತಿಪ್ಪಗೊಂಡನಹಳ್ಳಿಯ ನೀರು ಬರುತ್ತಿತ್ತು. ಅರ್ಕಾವತಿಯನ್ನು ಕೆಡಿಸಿ, ಬತ್ತಿಸಿ, ೨೦೧೨ರ ಹೊತ್ತಿಗೆ ಆ ನೀರನ್ನೂ ಕಳೆದುಕೊಂಡೆವು. ಉಳಿದದ್ದು ನೂರು ಕಿಲೋಮೀಟರ್ ದೂರದ ಕಾವೇರಿ ಮತ್ತು ಆಕಾಶ.

ಆಕಾಶವೂ ಆ ವರ್ಷ ಬಾಗಿಲು ಹಾಕಿತು. ಏಪ್ರಿಲ್ ತಿಂಗಳಲ್ಲಿ ಸುಮಾರು ೬೦ ಮಿಲಿಮೀಟರ್ ಮಳೆ ಕಾಣಬೇಕಾದ ಊರಿನಲ್ಲಿ, ಹವಾಮಾನ ಇಲಾಖೆಯ ನಗರ ಕೇಂದ್ರದ ಲೆಕ್ಕಕ್ಕೆ ಬಿದ್ದದ್ದು ಸೊನ್ನೆ! ಏಪ್ರಿಲ್ ೨೮ರಂದು ಬಿಸಿಲು ೩೮.೫ ಡಿಗ್ರಿ ಮುಟ್ಟಿತು. "ಭರಣಿ ಸುರಿದರೆ ಧರಣಿ ಬದುಕೀತು" ಎಂದು ಹೇಳುವ ಹಿರಿಯರು ಮನೆ ಮುಂದೆ ಖಾಲಿ ಕೊಡ ಇಟ್ಟುಕೊಂಡು ಕೂತಿದ್ದರು.

ಮೇ ಕೊನೆಗೆ ಕೊಲ್ಲಿಯಲ್ಲಿ 'ರೆಮಲ್' ಚಂಡಮಾರುತ ಎದ್ದಿತು. ೨೬ರ ರಾತ್ರಿ ಬಂಗಾಳ-ಬಾಂಗ್ಲಾ ತೀರಕ್ಕೆ ಅಪ್ಪಳಿಸಿ ತನ್ನ ಮಳೆಯನ್ನು ಅಲ್ಲಿ ಸುರಿಯಿತು. ಆಮೇಲೆ ಜೂನ್ ೨ರಂದು, ಯಾವ ಚಂಡಮಾರುತದ ಹಂಗೂ ಇಲ್ಲದೆ, ಬೆಂಗಳೂರಿನಲ್ಲಿ ಒಂದೇ ದಿನ ೧೧೧ ಮಿ.ಮೀ. ಮಳೆ! ಜೂನ್ ತಿಂಗಳ ಒಂದು ದಿನದ ಮಳೆಯಲ್ಲಿ ೧೮೯೧ರ ದಾಖಲೆ ಮುರಿಯಿತು. ನೀರಿಲ್ಲವೆಂದು ಬಾಯಿ ಬಡಿದುಕೊಳ್ಳುತ್ತಿದ್ದ ಊರಿನಲ್ಲಿ ಮರ ಉರುಳಿ, ಬೀದಿ ಹೊಳೆಯಾಯಿತು.

ಸುಳಿ ಎದ್ದರೆ ಮಳೆ ಬಂದೇ ಬಿಡುತ್ತದೆಯೇ?

ಇಲ್ಲ. ಮೊದಲು, ಎದ್ದ ಸುಳಿಗಳೆಲ್ಲ ಚಂಡಮಾರುತ ಆಗುವುದಿಲ್ಲ. ಸಮುದ್ರದ ಮೇಲ್ಪದರದ ನೀರು ೨೬.೫ ಡಿಗ್ರಿಗಿಂತ ಬಿಸಿ ಇರಬೇಕು. ಮೇಲಿನ ಗಾಳಿಗೂ ಕೆಳಗಿನ ಗಾಳಿಗೂ ವೇಗದಲ್ಲಿ, ದಿಕ್ಕಿನಲ್ಲಿ ಹೆಚ್ಚು ಅಂತರ ಇರಬಾರದು. ಇದ್ದರೆ ಸುಳಿಯ ತಲೆ ಒಂದು ಕಡೆ, ಬುಡ ಒಂದು ಕಡೆ ಆಗಿ ಹರಿದುಹೋಗುತ್ತದೆ. ಮುಂಗಾರಿಗೆ ಮುಂಚೆ ಏಪ್ರಿಲ್-ಮೇ, ಮುಂಗಾರು ಹಿಂದೆ ಸರಿಯುವಾಗ ಅಕ್ಟೋಬರಿನಿಂದ ಡಿಸೆಂಬರ್, ಈ ಎರಡು ಹಂಗಾಮುಗಳಲ್ಲಿ ಇವೆಲ್ಲ ಹೆಚ್ಚಾಗಿ ಕೂಡಿಬರುತ್ತವೆ.

ಎರಡನೆಯದು, ಚಂಡಮಾರುತ ಆದರೂ ಅದು ಹೋಗುವ ದಾರಿಯ ಮೇಲೆ ನಮ್ಮ ಹಣೆಬರಹ ನಿಂತಿದೆ. ೨೦೨೨ರ ಮೇ ತಿಂಗಳಲ್ಲಿ 'ಅಸಾನಿ' ಆಂಧ್ರದ ಮಚಲೀಪಟ್ಟಣದ ಕಡೆಗೆ ಬಂತು. ಬೆಂಗಳೂರು ಮೋಡದಡಿ ಮಲಗಿತು. ನಡುಬೇಸಿಗೆಯಲ್ಲಿ ಸ್ವೆಟರ್ ಹುಡುಕಿದೆವು. ರೆಮಲ್‌ನಂತೆ ಈಶಾನ್ಯಕ್ಕೆ ಹೋದರೆ ತೇವದ ಗಾಳಿಯನ್ನು ತನ್ನ ಹಿಂದೆಯೇ ಎಳೆದುಕೊಂಡು ಹೋಗಬಹುದು. ೨೦೨೩ರ ಜೂನ್‌ನಲ್ಲಿ ಅರಬ್ಬಿ ಸಮುದ್ರದಲ್ಲಿ ಎದ್ದ 'ಬಿಪರ್‌ಜಾಯ್' ಹತ್ತು ದಿನ ಕಡಲಲ್ಲೇ ಸುತ್ತಾಡಿ, ಜೂನ್ ೧೫ರಂದು ಗುಜರಾತಿನ ಜಖಾವ್ ಬಳಿ ದಡ ಸೇರಿತು. ಕೇರಳಕ್ಕೆ ಜೂನ್ ೮ಕ್ಕೆ ಕಾಲಿಟ್ಟ ಮುಂಗಾರು ಆ ವರ್ಷ ಏಳುತ್ತ ಬೀಳುತ್ತ ಬಂತು.

ಅಂದರೆ ಅದೇ ಕಡಲು, ಅದೇ ಸುಳಿ, ಒಮ್ಮೆ ಕೊಡುತ್ತದೆ, ಒಮ್ಮೆ ಕಸಿಯುತ್ತದೆ. ಇದನ್ನು ನಮ್ಮ ಭಾಷೆಯಲ್ಲಿ ಬಿಡಿಸಿ ಹೇಳುವವರು ಎಷ್ಟು ಜನ?

ಒಂದೇ ಪದಕ್ಕೆ ನಾಲ್ಕು ಅರ್ಥ!

ನಾನು ಅಚ್ಚಿನ ಮನೆಯವನು. ನಮ್ಮ ಕಸುಬಿನಲ್ಲಿ ಒಂದು ಒತ್ವ ತಪ್ಪಿದರೆ ಮಳೆ ಮೊಳೆಯಾಗುತ್ತದೆ, ಮದುವೆ ಕಾಗದ ವಾಪಸ್ಸು ಬರುತ್ತದೆ. ಆದರೆ ಜನರ ಜೀವದ ಸುದ್ದಿಯಲ್ಲಿ ಪದಕ್ಕೆ ಪದವೇ ತಪ್ಪಿದರೂ ಕೇಳುವವರಿಲ್ಲ.

ಹವಾಮಾನ ಇಲಾಖೆಯವರ ಲೆಕ್ಕ ನೋಡಿ. ಸುಳಿಯ ಗಾಳಿ ಗಂಟೆಗೆ ೩೧ ಕಿಲೋಮೀಟರಿಗಿಂತ ಕಡಿಮೆ ಇದ್ದರೆ ಅದು ಬರೀ ಕಡಿಮೆ ಒತ್ತಡದ ಪ್ರದೇಶ. ೩೧ರಿಂದ ೪೯ ಆದರೆ ವಾಯುಭಾರ ಕುಸಿತ. ೫೦ರಿಂದ ೬೧ ಆದರೆ ತೀವ್ರ ವಾಯುಭಾರ ಕುಸಿತ. ೬೨ ಮುಟ್ಟಿದರೆ ಮಾತ್ರ ಚಂಡಮಾರುತ. ಆಗಷ್ಟೇ ನಾಮಕರಣ!

ನಮ್ಮ ಪತ್ರಿಕೆ, ಟಿವಿಗಳಲ್ಲಿ ಏನಾಗುತ್ತಿದೆ? ಮೊದಲ ಮೂರಕ್ಕೂ 'ವಾಯುಭಾರ ಕುಸಿತ' ಎಂಬ ಒಂದೇ ಮುದ್ರೆ. ಆಕಾಶದಲ್ಲಿ ಗಾಳಿ ಸುಮ್ಮನೆ ಸುತ್ತು ಹಾಕಿದರೆ, ಇಂಗ್ಲಿಷಿನಲ್ಲಿ ಅದಕ್ಕಿರುವ ಹೆಸರಿನಲ್ಲಿ 'ಸೈಕ್ಲೋನ್' ಶಬ್ದ ಕಂಡಿತೆಂದು ಅದನ್ನೂ 'ಚಂಡಮಾರುತ' ಮಾಡಿಬಿಡುತ್ತಾರೆ. ಸುಳಿಗಾಳಿ ಎಂಬ ಚೆಂದದ ಕನ್ನಡ ಪದ ಮೂಲೆಯಲ್ಲಿ ಕೂತು ಅಳುತ್ತದೆ. ಬಿರುಗಾಳಿ, ಸುಂಟರಗಾಳಿ, ಚಂಡಮಾರುತ ಮೂರನ್ನೂ ಒಂದೇ ಗೂಟಕ್ಕೆ ಕಟ್ಟುತ್ತಾರೆ. ಪರಿಣಾಮ? ಸುಳಿಗಾಳಿಗೆ ಹೆದರುತ್ತೇವೆ, ಚಂಡಮಾರುತ ಬಂದಾಗ "ಹೋಗಯ್ಯ, ದಿನಾ ಇದೇ ಕಥೆ" ಎನ್ನುತ್ತೇವೆ.

ಹೆಸರಿಗೆ ಕಾದೆವು, ಮಳೆ ಹೆಸರಿಲ್ಲದೆ ಬಂತು

೨೦೨೫ರ ಮೇ ತಿಂಗಳನ್ನು ನೆನಪಿಸಿಕೊಳ್ಳಿ. 'ಶಕ್ತಿ' ಚಂಡಮಾರುತ ಬರುತ್ತಿದೆ ಎಂದು ಟಿವಿ, ಮೊಬೈಲುಗಳಲ್ಲಿ ಒಂದೇ ಡಂಗುರ. ಸುಳಿ ಹುಟ್ಟುವ ಮೊದಲೇ ತೊಟ್ಟಿಲು ಶಾಸ್ತ್ರ! ಆ ತಿಂಗಳು ಆ ಹೆಸರಿನ ಚಂಡಮಾರುತ ಹುಟ್ಟಲೇ ಇಲ್ಲ; ಅರಬ್ಬಿ ಸಮುದ್ರದ ಸುಳಿ ವಾಯುಭಾರ ಕುಸಿತದಲ್ಲೇ ನಿಂತು ಕೊಂಕಣ ತೀರ ದಾಟಿತು. ಆ ಹೆಸರು ಖರ್ಚಾದದ್ದು ಅಕ್ಟೋಬರಿನಲ್ಲಿ.

ಈ ನಡುವೆ ಮೇ ೧೮ರ ರಾತ್ರಿ ಏನಾಯಿತು? ನಮ್ಮ ಕೆಂಗೇರಿಯಲ್ಲಿ ೧೩೨ ಮಿ.ಮೀ. ಮಳೆ ಸುರಿಯಿತು. ಇಲಾಖೆಯ ಅಳತೆಯಲ್ಲಿ ಇಪ್ಪತ್ನಾಲ್ಕು ಗಂಟೆಯಲ್ಲಿ ೬೪.೫ ಮಿ.ಮೀ. ದಾಟಿದರೆ ಭಾರಿ ಮಳೆ, ೧೧೫.೬ ಮುಟ್ಟಿದರೆ ಅತಿ ಭಾರಿ ಮಳೆ. ಅಂಥ ಅತಿ ಭಾರಿ ಮಳೆ, ಹೆಸರಿಲ್ಲ, ಊರಿಲ್ಲ, ಬಂದು ಸುರಿದು ಹೋಯಿತು! ಅದಕ್ಕೂ ಎರಡು ವರ್ಷ ಹಿಂದೆ, ೨೦೨೩ರ ಮೇ ೨೧ರಂದು, ಕೆ.ಆರ್. ವೃತ್ತದ ಕೆಳಸೇತುವೆಯಲ್ಲಿ ನಿಂತ ಮಳೆ ನೀರಿಗೆ ಕಾರು ಸಿಕ್ಕಿ ಒಬ್ಬ ಯುವತಿಯ ಪ್ರಾಣ ಹೋಯಿತು. ಅದೂ ಬೇಸಿಗೆ ಮಳೆಯೇ.

ಹಾಗಾಗಿ ಬಂಧುಗಳೇ, ಬರೀ ಕೊಲ್ಲಿಯ ಕಡೆ ನೋಡುತ್ತ ಕೂತರೆ ಸಾಲದು. ನಮ್ಮ ಕಾಲಡಿಯ ರಾಜಕಾಲುವೆಯನ್ನೂ, ವೃಷಭಾವತಿಯನ್ನೂ ನೋಡಬೇಕು. ಬರಗಾಲದ ನಡುವೆಯೇ ನೆರೆ ಬರುವ ಊರು ನಮ್ಮದು.

ಹೆಸರಿನ ಪಟ್ಟಿಯಲ್ಲಿ ನಾವೆಲ್ಲಿ?

ಈ ಭಾಗದ ಚಂಡಮಾರುತಗಳಿಗೆ ಹದಿಮೂರು ದೇಶಗಳು ತಲಾ ಹದಿಮೂರರಂತೆ ೧೬೯ ಹೆಸರು ಕೊಟ್ಟಿವೆ. ಪಟ್ಟಿ ಹೊರಬಿದ್ದದ್ದು ೨೦೨೦ರಲ್ಲಿ. ಭಾರತದ ಪಾಲಿನವು: ಗತಿ, ತೇಜ್, ಮುರಸು, ಆಗ್, ವ್ಯೋಮ್, ಝಾರ್, ಪ್ರೊಬಾಹೊ, ನೀರ್, ಪ್ರಭಂಜನ್, ಘೂರ್ಣಿ, ಅಂಬುದ್, ಜಲಧಿ, ವೇಗ.

ಕಣ್ಣಾಡಿಸಿ ನೋಡಿ. ಮುರಸು ತಮಿಳಿನ ನಗಾರಿ. ಪ್ರೊಬಾಹೊ ಬಂಗಾಳಿಯ ಪ್ರವಾಹ. ಆಗ್ ಹಿಂದಿಯ ಬೆಂಕಿ. ಅವರವರ ಭಾಷೆ ಪಟ್ಟಿಯಲ್ಲಿ ಕೂತಿತು, ಒಳ್ಳೆಯದೇ. ಅವರ ಮೇಲೆ ನಮಗೇನೂ ಹೊಟ್ಟೆಕಿಚ್ಚಿಲ್ಲ. 'ನೀರ್' ನಮ್ಮ ನೀರೇ ಎನ್ನೋಣವೆಂದರೆ ಅದು ಎಲ್ಲರ ಮನೆಯ ನೀರು. ಇದು ಕನ್ನಡದ್ದೇ ಎಂದು ಬೆರಳಿಟ್ಟು ತೋರಿಸಲು ಒಂದು ಹೆಸರೂ ಇಲ್ಲ. ಎರಡು ಸಾವಿರ ವರ್ಷದ ಭಾಷೆಗೆ, ಮುನ್ನೂರು ಕಿಲೋಮೀಟರ್ ಕರಾವಳಿ ಇರುವ ನಾಡಿಗೆ, ಒಂದು ಬಿರುಗಾಳಿಯ ಹೆಸರೂ ದಕ್ಕಲಿಲ್ಲವೇ? ಹೆಸರು ಚಿಕ್ಕದಾಗಿರಬೇಕು, ಯಾರನ್ನೂ ನೋಯಿಸಬಾರದು ಎಂಬುದು ನಿಯಮ. ಸಾರ್ವಜನಿಕರೂ ದಿಲ್ಲಿಯ ಹವಾಮಾನ ಇಲಾಖೆಯ ಮಹಾನಿರ್ದೇಶಕರಿಗೆ ಸೂಚಿಸಬಹುದು. ಮುಗಿಲು, ಹೊನಲು, ಬಿರುಸು, ಗುಡುಗು: ನಮ್ಮಲ್ಲಿ ಪದಗಳಿಗೆ ಬರವೇ?

ಹೆಸರಿಗಿಂತ ದೊಡ್ಡದು ಎಚ್ಚರಿಕೆಯ ಭಾಷೆ. ದಿಲ್ಲಿಯ ಚಂಡಮಾರುತ ಬುಲೆಟಿನ್ ಹುಟ್ಟುವುದೇ ಇಂಗ್ಲಿಷಿನಲ್ಲಿ. ಇಲಾಖೆ ೨೦೨೦ರಲ್ಲಿ ತಂದ ಮೊಬೈಲ್ ಆಪ್‌ಗೆ ಇಟ್ಟ ಹೆಸರು 'ಮೌಸಮ್'. ಮನಸ್ಸಿದ್ದರೆ ಕನ್ನಡದಲ್ಲಿ ಮಾಡಲಾಗದೆಂಬುದು ಸುಳ್ಳು. ಯಲಹಂಕದಲ್ಲಿರುವ ನಮ್ಮ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವನ್ನೇ ನೋಡಿ. ೧೯೮೮ರಲ್ಲಿ ಬರ ಉಸ್ತುವಾರಿ ಕೋಶವಾಗಿ ಶುರುವಾದದ್ದು. ಇವತ್ತು ರಾಜ್ಯದಲ್ಲಿ ಆರು ಸಾವಿರಕ್ಕೂ ಹೆಚ್ಚು ಮಳೆಮಾಪಕ ಇಟ್ಟು, 'ವರುಣಮಿತ್ರ' ಸಹಾಯವಾಣಿಯಲ್ಲಿ ರೈತ ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲೇ ಉತ್ತರ ಕೊಡುತ್ತದೆ. ೨೦೨೩ರ ಅಕ್ಟೋಬರ್ ೧೨ರಂದು ನಮ್ಮೆಲ್ಲರ ಮೊಬೈಲು ಒಟ್ಟಿಗೆ ಕೂಗಿಕೊಂಡಿತಲ್ಲ, ಆ ಪ್ರಯೋಗದ ಎಚ್ಚರಿಕೆ ಕನ್ನಡದಲ್ಲೂ ಬಂತು. ಒಂದು ದಿನ ಆದದ್ದು ದಿನವೂ ಏಕಾಗಬಾರದು?

ನಮ್ಮ ಒತ್ತಾಯ ಇಷ್ಟೇ

೧. ಕನ್ನಡ ಅಭಿವೃದ್ಧಿ ಪ್ರಾಧಿಕಾರ ಮತ್ತು ಅರಮನೆ ರಸ್ತೆಯ ಹವಾಮಾನ ಕೇಂದ್ರ ಒಟ್ಟಿಗೆ ಕೂತು, ಮಳೆ-ಗಾಳಿಯ ಪದಗಳಿಗೆ ಒಂದೊಂದೇ ಕನ್ನಡ ಪದ ಗೊತ್ತುಮಾಡಲಿ. ಪತ್ರಿಕೆ, ಟಿವಿಗಳು ಅದನ್ನೇ ಬಳಸಲಿ.

೨. ಇಂಗ್ಲಿಷ್ ಬುಲೆಟಿನ್ ಹೊರಬೀಳುವ ಹೊತ್ತಿಗೇ ಕನ್ನಡದ್ದೂ ಹೊರಬೀಳಲಿ. 'ದಕ್ಷಿಣ ಒಳನಾಡು' ಎಂದರೆ ಕೆಂಗೇರಿಯ ಅಜ್ಜಿಗೆ ಏನು ತಿಳಿಯುತ್ತದೆ? ಕೆಂಗೇರಿ ಎನ್ನಿ, ನಾಗರಬಾವಿ ಎನ್ನಿ, ಕಾಮಾಕ್ಷಿಪಾಳ್ಯ ಎನ್ನಿ.

೩. ನೀರು ನಿಲ್ಲುವ ಪ್ರತಿ ಕೆಳಸೇತುವೆಗೂ ಕನ್ನಡದಲ್ಲಿ ದೊಡ್ಡ ಫಲಕ ಹಾಕಲಿ: ಎಷ್ಟು ಅಡಿ ನೀರಿದ್ದರೆ ಇಳಿಯಬಾರದು ಎಂದು ಗೆರೆ ಎಳೆದು ತೋರಿಸಲಿ.

೪. ಮುಂದಿನ ಹೆಸರಿನ ಪಟ್ಟಿಗೆ ರಾಜ್ಯ ಸರ್ಕಾರವೇ ಕನ್ನಡದ ಹೆಸರುಗಳನ್ನು ಕಳಿಸಲಿ.

ಸರ್ಕಾರ ಮಾಡುವವರೆಗೆ ನಾವು ಕೈಕಟ್ಟಿ ಕೂರಬೇಕಿಲ್ಲ. ಮೇಲೆ ಹೇಳಿದ ಗಾಳಿಯ ಲೆಕ್ಕ, ಮಳೆಯ ಅಳತೆ, ಹಳದಿ-ಕಿತ್ತಳೆ-ಕೆಂಪು ಎಚ್ಚರಿಕೆಗಳ ಅರ್ಥ, ಇಷ್ಟನ್ನು ಒಂದೇ ಹಾಳೆಯಲ್ಲಿ ದಪ್ಪ ಕನ್ನಡ ಅಕ್ಷರದಲ್ಲಿ ಅಚ್ಚು ಹಾಕಿ ಕೊಡುತ್ತೇನೆ. ಕಾಗದ ನನ್ನದು, ಶಾಯಿ ನನ್ನದು. ಹಂಚುವ ಕೈಗಳು ನಿಮ್ಮವಾಗಲಿ. ಪಡಿತರ ಅಂಗಡಿ, ಆಟೋ ನಿಲ್ದಾಣ, ಶಾಲೆಯ ಗೋಡೆ, ಅಪಾರ್ಟ್‌ಮೆಂಟಿನ ಕಾವಲುಗಾರನ ಕೋಣೆ, ಎಲ್ಲಿ ಜನ ನಿಲ್ಲುತ್ತಾರೋ ಅಲ್ಲಿ ಅಂಟಿಸಿ. ಈ ಪತ್ರಿಕೆ ತಂದುಕೊಡುವ ಹುಡುಗರ ಕೈಯಲ್ಲಿ ಹೇಳಿಕಳಿಸಿ, ಎಷ್ಟು ಪ್ರತಿ ಬೇಕೆಂದು.

ಮಳೆ ತರಿಸುವುದು ನಮ್ಮ ಕೈಯಲ್ಲಿಲ್ಲ. ಬರುವ ಮಳೆಯ ಸುದ್ದಿ ನಮ್ಮ ಭಾಷೆಯಲ್ಲಿ ಬರುವಂತೆ ಮಾಡುವುದು ಖಂಡಿತ ನಮ್ಮ ಕೈಯಲ್ಲಿದೆ.