ನೆಲ ಡೊಂಕಲ್ಲ, ಮಸಿ ಬೇರೆ

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಈ ಗಾದೆಯನ್ನು ಕಟ್ಟಿದವನು ಗಂಡಸೇ ಇರಬೇಕು, ಇಲ್ಲವಾದರೆ 'ಕುಣಿಯಲಾರದವನು' ಎಂದಿರುತ್ತಿತ್ತು. ಅಮೆರಿಕದಲ್ಲಿ ಕೋವಿ ಹಿಡಿದು ಗುರಿ ತಪ್ಪಿದ ಗಂಡಸರು ಅದರ ಮೇಲೆ ಕೂರಿಸಿದ ದುರ್ಬೀನನ್ನು ಶಪಿಸುವುದನ್ನು ಕೇಳಿದ ಮೇಲೆ ನನಗೆ ಈ ಅನುಮಾನ ಗಟ್ಟಿಯಾಗಿದೆ.

'ಕೋವಿ ವಿಚಾರ ಹೆಂಗಸರಿಗೇಕೆ?' ಎಂದು ಕೇಳುವವರಿಗೆ ಮೊದಲೇ ಉತ್ತರ ಹೇಳಿಬಿಡುತ್ತೇನೆ. ಮಲೆನಾಡಿನಲ್ಲಿ ಹುಟ್ಟಿದ ನಮಗೆ ಕೇಪಿನ ಕೋವಿ ಅಪರಿಚಿತವಲ್ಲ. ಬಾಯಿಯ ಕಡೆಯಿಂದ ಮಸಿ ಸುರಿದು, ಗುಂಡು ಇಳಿಸಿ, ಗಜದಿಂದ ಜಡಿದು, ಕೇಪು ಇಟ್ಟು ಹೊಡೆಯುವ ಕೋವಿ ಅದು. ಬೆಳೆ ಕಾಯಲು ಅದಕ್ಕೆ ಲೈಸೆನ್ಸ್ ಕೊಡುವ ಅವಕಾಶ 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲೇ ಇದೆ. ಚುನಾವಣೆ ಬಂತೆಂದರೆ ಅದನ್ನು ಠಾಣೆಗೆ ಒಪ್ಪಿಸಿ, ಮುಗಿದ ಮೇಲೆ ವಾಪಸು ತರುವ ಓಡಾಟವೂ ನಮಗೆ ಗೊತ್ತು. 1972ರ ವನ್ಯಜೀವಿ ಕಾಯ್ದೆ ಬಂದಮೇಲೆ ನಮ್ಮಲ್ಲಿ ಬೇಟೆ ಅಪರಾಧವಾಯಿತು. ತೋಟದ ಮಂಗ ಓಡಿಸಲು ಬರೀ ಸದ್ದು ಸಾಕು, ಅದಕ್ಕೆ ದುರ್ಬೀನು ಬೇಡ.

ಅಮೆರಿಕದ ಕತೆ ಬೇರೆ. ಅಲ್ಲಿ ಬಾಯಿಯಿಂದ ಮಸಿ ತುಂಬುವ ಕೋವಿಗೆಂದೇ ಬೇಟೆಯ ಕಾಲ ಗೊತ್ತುಮಾಡಿದ್ದಾರೆ. ಪೆನ್ಸಿಲ್ವೇನಿಯಾ ರಾಜ್ಯ 1974ರಲ್ಲಿ ಚಕಮಕಿ ಕಲ್ಲಿನ ಕಿಡಿಯಿಂದ ಹೊತ್ತುವ ಹಳೆಯ ಕೋವಿಗಾಗಿ ಇಂಥದೊಂದು ಕಾಲವನ್ನು ಶುರುಮಾಡಿತು. 1985ರಲ್ಲಿ ಮಿಸ್ಸೌರಿಯ ಟೋನಿ ನೈಟ್ ಎಂಬಾತ ಕೇಪನ್ನು ಮಸಿಯ ನೇರ ಹಿಂದಕ್ಕೆ ತಂದು ಹೊಸ ಮಾದರಿಯ ಕೋವಿ ಮಾಡಿದ. ಅದರ ಮೇಲೆ ದುರ್ಬೀನು ಕೂರಿಸುವುದು ಸುಲಭವಾಯಿತು. ಅಲ್ಲಿಂದ ಅಂಗಡಿಯವರ ಕಾಲವೂ ಶುರುವಾಯಿತು.

ನನ್ನ ಮಗಳು ಆ ಪೆನ್ಸಿಲ್ವೇನಿಯಾದಲ್ಲೇ ಇದ್ದಾಳೆ, ಬೇಟೆಯ ಲೈಸೆನ್ಸೂ ಪಡೆದಿದ್ದಾಳೆ. ಅವಳ ಮನೆಯಲ್ಲಿದ್ದ ದಿನಗಳಲ್ಲಿ ಗುರಿ ಸರಿಪಡಿಸುವ ಮೈದಾನಕ್ಕೆ ಅವಳ ಜೊತೆ ಹಲವು ಸಲ ಹೋಗಿ ಕೂತಿದ್ದೇನೆ. ಕೋವಿ ಕೊಂಡ ಅಂಗಡಿಯಲ್ಲಿ ಅವಳಿಗೆ ಸಿಕ್ಕ ಉಪದೇಶ ಎರಡೇ: ದೊಡ್ಡ ದುರ್ಬೀನು ಹಾಕಿಸು, ಮೂರು ಗುಳಿಗೆ ಮದ್ದು ತುಂಬು. ಮದ್ದು ಯಾವುದು, ಅದನ್ನು ಅಳೆಯುವುದು ಹೇಗೆ ಎಂಬ ಮಾತು ಅಲ್ಲಿ ಬರಲೇ ಇಲ್ಲ. ನನ್ನ ತಕರಾರು ಇರುವುದು ಇಲ್ಲೇ.

ದುರ್ಬೀನು ಏನು ಮಾಡುತ್ತದೆ? ಕಣ್ಣಿಗೆ ಗುರಿಯನ್ನು ಹತ್ತಿರ ತೋರಿಸುತ್ತದೆ, ಅಷ್ಟೆ. ಅದರ ತಿರುಪನ್ನು ಒಂದು 'ಟಿಕ್' ತಿರುಗಿಸಿದರೆ ನೂರು ಗಜ ದೂರದಲ್ಲಿ ಗುಂಡು ಬೀಳುವ ಜಾಗ ಸಾಮಾನ್ಯವಾಗಿ ಕಾಲು ಅಂಗುಲ ಸರಿಯುತ್ತದೆ. ಆದರೆ ಗುಂಡಿನ ವೇಗ ಮದ್ದಿನ ಕೈಯಲ್ಲಿದೆ. ವೇಗ ಬದಲಾದರೆ ಗುಂಡು ಇಳಿಯುವ ಪ್ರಮಾಣ ಬದಲಾಗುತ್ತದೆ. ಒದೆತಕ್ಕೆ ಕೋವಿ ಮೇಲೇಳುವಾಗ ಗುಂಡು ಎಷ್ಟು ಹೊತ್ತು ನಳಿಗೆಯೊಳಗೆ ಉಳಿಯುತ್ತದೆ ಎಂಬುದೂ ಬದಲಾಗುತ್ತದೆ. ಇಂದು ಒಂದು ಮದ್ದು, ನಾಳೆ ಇನ್ನೊಂದು ತುಂಬಿ ದುರ್ಬೀನಿನ ತಿರುಪು ತಿರುಗಿಸುತ್ತ ಕೂತವನು, ದಿನಕ್ಕೊಂದು ಅಕ್ಕಿ ತಂದು ಕುಕ್ಕರನ್ನು ಬೈಯುವವನ ಹಾಗೆ.

ಮದ್ದುಗಳೆಲ್ಲ ನೋಡಲು ಕರಿಯವೇ, ಗುಣ ಮಾತ್ರ ಬೇರೆಬೇರೆ. ಹಳೆಯ ಕರಿಮಸಿಯಲ್ಲಿ ನೂರಕ್ಕೆ 75 ಪಾಲು ಪೆಟ್ಲುಪ್ಪು, 15 ಇದ್ದಿಲು, 10 ಗಂಧಕ. ಅದರ ಬದಲಿಗೆ ಪೈರೋಡೆಕ್ಸ್, ಟ್ರಿಪಲ್ ಸೆವೆನ್, ಬ್ಲ್ಯಾಕ್‌ಹಾರ್ನ್ 209 ಎಂಬ ಹೊಸ ಮದ್ದುಗಳು ಬಂದಿವೆ. ಅಳತೆ ಗ್ರೇನಿನ ಲೆಕ್ಕದಲ್ಲಿ: ನೂರು ಗ್ರೇನು ಅಂದರೆ ಸುಮಾರು ಆರೂವರೆ ಗ್ರಾಂ ಕರಿಮಸಿ. ಹೊಸ ಮದ್ದುಗಳನ್ನು ತೂಗುವುದಲ್ಲ, ಕರಿಮಸಿಯ ಅಳತೆ ಕೊಳವೆಯಲ್ಲೇ ಅಳೆಯಬೇಕು. ಒಂದು ಸೇರು ಅಕ್ಕಿ, ಒಂದು ಸೇರು ಅವಲಕ್ಕಿ ತಕ್ಕಡಿಯಲ್ಲಿ ಒಂದೇ ತೂಗುವುದಿಲ್ಲ ಎಂದು ನಮಗೆ ಯಾರೂ ಕಲಿಸಬೇಕಿಲ್ಲ. ಕೊಳವೆಯಲ್ಲಿ ನೂರು ಅಳತೆಯ ಬ್ಲ್ಯಾಕ್‌ಹಾರ್ನ್ ತಕ್ಕಡಿಯಲ್ಲಿ ಸುಮಾರು 70 ಗ್ರೇನು ಮಾತ್ರ. ಇದು ತಿಳಿಯದೆ ನೂರು ಗ್ರೇನು ತೂಗಿ ತುಂಬಿದವನು ನೂರಕ್ಕೆ 43ರಷ್ಟು ಹೆಚ್ಚು ಮದ್ದು ತುಂಬಿರುತ್ತಾನೆ. ಟ್ರಿಪಲ್ ಸೆವೆನ್ ಆದರೆ ಅದೇ ಕೊಳವೆಯ ಅಳತೆಗೆ ಕರಿಮಸಿಗಿಂತ ನೂರಕ್ಕೆ 15ರಷ್ಟು ಹೆಚ್ಚು ಬಲದ್ದು. ಹಳೆಯ ವೇಗವೇ ಬೇಕೆಂದರೆ ಅಷ್ಟು ಕಡಿಮೆ ಹಾಕಬೇಕು. ಈಗಿನ ತೋಟೆಗಳಲ್ಲಿರುವ ಹೊಗೆಯಿಲ್ಲದ ಮದ್ದನ್ನಂತೂ, ಅದಕ್ಕೆಂದೇ ಮಾಡಿದ ಕೋವಿಯ ಹೊರತು, ಇಂಥ ಕೋವಿಗೆ ಹಾಕಲೇಬಾರದು. ಆಗ ತಪ್ಪುವುದು ಗುರಿಯಲ್ಲ, ನಳಿಗೆ ಸಿಡಿದು ಕೈ ಹೋಗುತ್ತದೆ, ಕಣ್ಣು ಹೋಗುತ್ತದೆ.

ಇನ್ನು ಆ ಮೂರು ಗುಳಿಗೆಯ ಉಪದೇಶ. ಒಂದು ಗುಳಿಗೆ 50 ಗ್ರೇನಿನದು, ಮೂರಾದರೆ 150. ಚಳಿಗೆ ಮರಗಟ್ಟಿದ ಬೆರಳಿಗೆ ಗುಳಿಗೆ ಅನುಕೂಲ, ಚೆಲ್ಲುವುದಿಲ್ಲ ಎಂಬುದು ನಿಜ, ಒಪ್ಪುತ್ತೇನೆ. ಆದರೆ ಒಂದೊಂದು ಕೋವಿಗೂ ಅದಕ್ಕೆ ಒಗ್ಗುವ ಅಳತೆಯೊಂದಿರುತ್ತದೆ. ಅದು 80 ಇರಬಹುದು, 90 ಇರಬಹುದು. ಪುಡಿಯಾದರೆ ಐದೈದು ಗ್ರೇನು ಏರಿಸಿ ಇಳಿಸಿ ಹುಡುಕಬಹುದು. ಐವತ್ತರ ಗುಳಿಗೆಯನ್ನೇ ನೆಚ್ಚಿಕೊಂಡರೆ ನೂರು, ಇಲ್ಲವೇ ನೂರೈವತ್ತು. ಮದ್ದು ಅತಿಯಾದರೆ ಗುಂಡಿಗೆ ತೊಡಿಸಿದ ಪ್ಲಾಸ್ಟಿಕ್ ಕವಚ ಹಾಳಾಗಿ ಗುಂಡು ದಿಕ್ಕು ತಪ್ಪಬಹುದು. ಒದೆತ ಹೆಚ್ಚಾದರೆ ಕುದುರೆ ಎಳೆಯುವ ಮೊದಲೇ ಮೈ ಬೆದರುತ್ತದೆ. ಅತಿಯಾದರೆ ಅಮೃತವೂ ವಿಷ ಎನ್ನುವ ನಾಡಿನವಳು ನಾನು. ಹೆಚ್ಚು ಹಾಕಿದಷ್ಟೂ ಒಳ್ಳೆಯದು ಎಂಬ ಮಾತನ್ನು ನಂಬಲಾರೆ.

ಕೊನೆಗೆ ಕಿಟ್ಟದ ಮಾತು. ಶುದ್ಧ ನಳಿಗೆಯಿಂದ ಹೋದ ಮೊದಲ ಗುಂಡಿಗೂ, ಕಿಟ್ಟ ಹಿಡಿದ ನಳಿಗೆಯಿಂದ ಹೋದ ಮೂರನೆಯದಕ್ಕೂ ದಾರಿ ಒಂದೇ ಅಲ್ಲ. ಯಾವ ಮದ್ದು ಎಷ್ಟು ಕಿಟ್ಟ ಬಿಡುತ್ತದೆ ಎಂಬುದೂ ಬೇರೆ. ಕರಿಮಸಿಯ ಕಿಟ್ಟ ನೀರಿಗೆ ಬಿಡುತ್ತದೆ, ಬ್ಲ್ಯಾಕ್‌ಹಾರ್ನ್‌ಗೆ ನೀರು ಸಾಲದು, ಎಣ್ಣೆ ಜಾತಿಯ ದ್ರಾವಕ ಬೇಕು. ಹೆಚ್ಚು ಕಿಟ್ಟ ಬಿಡುವ ಮದ್ದಾದರೆ ಒಂದೊಂದು ಹೊಡೆತದ ನಂತರವೂ ಬಟ್ಟೆಯಿಂದ ಒಂದೇ ರೀತಿ ಒರೆಸಬೇಕು, ಗಜದಿಂದ ಒಂದೇ ಬಲದಲ್ಲಿ ಜಡಿಯಬೇಕು, ನಳಿಗೆ ತಣಿಯಲು ಬಿಡಬೇಕು. ಮೂರು ಗುಂಡು ಒಂದೆಡೆ ಗುಂಪಾಗಿ ಬಿದ್ದ ಮೇಲೆ ಮಾತ್ರ ದುರ್ಬೀನಿನ ತಿರುಪು ಮುಟ್ಟಬೇಕು. ಒಂದು ಗುಂಡು ಆಚೆ ಬಿತ್ತೆಂದು ಅದರ ಹಿಂದೆ ತಿರುಪು ಓಡಿಸುವವರು ಸಂಜೆಯವರೆಗೂ ಓಡಿಸುತ್ತಲೇ ಇರುತ್ತಾರೆ.

'ಜಿಂಕೆಯ ಎದೆ ತಟ್ಟೆಯಷ್ಟು ಅಗಲ ಇದೆಯಲ್ಲ, ಅಂಗುಲದ ಲೆಕ್ಕ ಯಾಕೆ?' ಎನ್ನುತ್ತಾರೆ. ಅಲ್ಲೇ ನನಗೆ ಸಿಟ್ಟು ಬರುವುದು. ಮದ್ದಿನದು ಎರಡು ಅಂಗುಲ, ಕಿಟ್ಟದ್ದು ಎರಡು, ನಡುಗುವ ಕೈಯದು ಎರಡು; ಒಂದೇ ಕಡೆಗೆ ಕೂಡಿದರೆ ಗುಂಡು ಎದೆ ಬಿಟ್ಟು ಹೊಟ್ಟೆಗೆ ಬೀಳುತ್ತದೆ. ಹೊಟ್ಟೆಗೆ ಗುಂಡು ಬಿದ್ದ ಜಿಂಕೆ ಅಲ್ಲೇ ಬೀಳುವುದಿಲ್ಲ. ಪೊದೆ ಸೇರಿ ಗಂಟೆಗಟ್ಟಲೆ ನರಳಿ ಸಾಯುತ್ತದೆ. ಈ ಕೋವಿಯಲ್ಲಿ ಎರಡನೆಯ ಹೊಡೆತ ಕೂಡಲೇ ಸಿಗುವುದಿಲ್ಲ. ಮತ್ತೆ ಮಸಿ, ಮತ್ತೆ ಗುಂಡು, ಮತ್ತೆ ಗಜ, ಮತ್ತೆ ಕೇಪು ಎನ್ನುವಷ್ಟರಲ್ಲಿ ಅದು ಎಲ್ಲೋ ಹೋಗಿರುತ್ತದೆ.

ಹಾಗಾದರೆ ಬೇಟೆಯೇ ಬೇಡ ಎನ್ನಬಾರದೆ ಎಂದು ನೀವು ಕೇಳಬಹುದು. ಬೇಟೆಯ ಪರವಾಗಿ ವಾದಿಸಲು ನಾನು ಕೂತಿಲ್ಲ. ಮಗಳೊಡನೆ ಆ ಜಗಳ ಬೇರೆ ಇದೆ, ಅದು ಇನ್ನೂ ಮುಗಿದಿಲ್ಲ. ಆದರೆ ಅಲ್ಲಿನ ಕಾನೂನು ಒಪ್ಪಿದ ಕೆಲಸವನ್ನು ಮಾಡಿಯೇ ಮಾಡುತ್ತೇನೆ ಎನ್ನುವವರು ಅದನ್ನು ಅಚ್ಚುಕಟ್ಟಾಗಿ ಮಾಡಲಿ. ಒಂದು ಮದ್ದು, ಒಂದು ಅಳತೆ, ಒಂದು ಜಾತಿಯ ಗುಂಡು ಎಂದು ಗೊತ್ತುಮಾಡಿ ಚೀಟಿಯಲ್ಲಿ ಬರೆದಿಡಲಿ. ಅದರಲ್ಲಿ ಯಾವುದು ಬದಲಾದರೂ ಮತ್ತೆ ಮೈದಾನಕ್ಕೆ ಹೋಗಿ ಮೊದಲಿನಿಂದ ಗುರಿ ನೋಡಲಿ. ಅಂಗಡಿಯವನೂ ಸಾವಿರ ಡಾಲರಿನ ದುರ್ಬೀನು ಮಾರುವ ಮೊದಲು, 'ಅಳತೆ ಕೊಳವೆ ಇದೆಯೇನಮ್ಮಾ?' ಎಂದು ಒಂದು ಮಾತು ಕೇಳಲಿ. ಅದಕ್ಕೆ ಹೆಚ್ಚು ಕಾಸೇನೂ ಇಲ್ಲ, ಲಾಭವೂ ಇಲ್ಲ. ಅದಕ್ಕೇ ಇರಬೇಕು, ಅವನಿಗೆ ಅದರ ನೆನಪೇ ಬರುವುದಿಲ್ಲ.