ಮಂಡಿಯ ಸೂಜಿಗೆ ಹಣ ಕೊಡುವ ಮುನ್ನ

ಇಳಿಜಾರು ತೋಟದಲ್ಲಿ ನಲವತ್ತು ವರ್ಷ ಹತ್ತಿಳಿದ ನಮ್ಮ ಸದಸ್ಯರಲ್ಲಿ ಮಂಡಿ ನೋವಿಲ್ಲದವರು ವಿರಳ. ಈಗ ಮಕ್ಕಳು ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳಲ್ಲಿ ಕೆಲಸಕ್ಕಿರುವುದರಿಂದ, ಕೊಯ್ಲು ಮುಗಿದೊಡನೆ ಅನೇಕರು ಚಿಕಿತ್ಸೆಗೆಂದು ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಹಾಗೆ ಹೋಗಿಬಂದವರ ಬಾಯಲ್ಲಿ ಎರಡು ಹೊಸ ಹೆಸರು ಕೇಳುತ್ತಿದ್ದೇವೆ: ಸ್ಟೆಮ್ ಸೆಲ್ ಸೂಜಿ, ಒತ್ತಡದ ಆಮ್ಲಜನಕದ ಕೋಣೆ. ಕಾಳುಮೆಣಸು ಮಾರಿದ ಹಣ ಅಲ್ಲಿಗೆ ಹೋಗುವ ಮೊದಲು ನಾಲ್ಕು ಮಾತು ಹೇಳುವುದು ಅಗತ್ಯವೆಂದು ನಮಗನ್ನಿಸಿದೆ.

ಸ್ಟೆಮ್ ಸೆಲ್ ಎಂದೊಡನೆ ಮೋಸವೆಂದು ತಳ್ಳಿಹಾಕುವಂತಿಲ್ಲ. ವೈಟ್‌ಫೀಲ್ಡ್‌ನ ಸ್ಟೆಂಪ್ಯೂಟಿಕ್ಸ್ ಸಂಸ್ಥೆಯು ಆರೋಗ್ಯವಂತ ದಾನಿಗಳ ಮೂಳೆಮಜ್ಜೆಯಿಂದ ಈ ಜೀವಕೋಶಗಳನ್ನು ಬೆಳೆಸಿ ಔಷಧ ಮಾಡಿದೆ. ಅದನ್ನು 146 ರೋಗಿಗಳಲ್ಲಿ ಪರೀಕ್ಷಿಸಿದರು. ಅರ್ಧ ಜನಕ್ಕೆ ಎರಡೂವರೆ ಕೋಟಿ ಜೀವಕೋಶಗಳ ಒಂದು ಸೂಜಿ, ಉಳಿದವರಿಗೆ ಜೀವಕೋಶವಿಲ್ಲದ ಸೂಜಿ. ವರ್ಷ ಕಳೆದ ಮೇಲೆ ಮೊದಲಿನವರ ನೋವು, ಬಿಗಿತ ಹೆಚ್ಚು ತಗ್ಗಿದ್ದು ಕಂಡಿತು. 2022ರಲ್ಲಿ ಕೇಂದ್ರದ ಔಷಧ ನಿಯಂತ್ರಕರು ಅನುಮತಿ ಕೊಟ್ಟರು.

ಆದರೆ ಪರೀಕ್ಷೆಯಾದದ್ದು ಎರಡನೆಯ ಮತ್ತು ಮೂರನೆಯ ಹಂತದ ಸವೆತಕ್ಕೆ. ಮೂಳೆಗೆ ಮೂಳೆ ತಾಗುವ ನಾಲ್ಕನೆಯ ಹಂತಕ್ಕಲ್ಲ. ಬೋರ್ಡೋ ದ್ರಾವಣವನ್ನು ಮಳೆಗೆ ಮುಂಚೆ ಹೊಡೆದರೆ ಅಡಿಕೆ ಉಳಿದೀತು, ಕೊಳೆ ಬಂದು ಉದುರಿದ ಕಾಯನ್ನು ಅದು ಗೊನೆಗೆ ಅಂಟಿಸದು. ಆದ್ದರಿಂದ ನಿಂತು ತೆಗೆಸಿದ ಎಕ್ಸ್‌ರೇ ನೋಡಿ ನಮ್ಮದು ಯಾವ ಹಂತವೆಂದು ಮೂಳೆ ವೈದ್ಯರನ್ನೇ ಕೇಳಬೇಕು.

ನಿಮ್ಮದೇ ಹೊಟ್ಟೆಯ ಕೊಬ್ಬು ತೆಗೆದು ಅದರ ಜೀವಕೋಶವನ್ನು ಮಂಡಿಗೆ ಹಾಕುತ್ತೇವೆನ್ನುವುದು ಬೇರೆಯೇ ಮಾತು. ರಕ್ತದ ಕಾಯಿಲೆಗಳಿಗೆ ಮಾಡುವ ಮಜ್ಜೆಯ ಕಸಿಯಂಥವನ್ನು ಬಿಟ್ಟು, ಪರೀಕ್ಷೆಯ ಹೊರಗೆ ಸ್ಟೆಮ್ ಸೆಲ್ ಕೊಡಕೂಡದೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು 2017ರ ಮಾರ್ಗಸೂಚಿಯಲ್ಲೇ ಹೇಳಿದೆ. ಪರೀಕ್ಷೆಯೆಂದು ಹೇಳಿ ಹಣವನ್ನೂ ಕೇಳಿದರೆ ಅಲ್ಲಿಂದ ಎದ್ದು ಬರುವುದೇ ಸರಿ. ಚೀಲದ ಮೇಲಿನ ಬ್ಯಾಚು ನಂಬರು ನೋಡದೆ ಮೈಲುತುತ್ತ ಒಯ್ಯದವರು ನಾವು. ಮಂಡಿಯೊಳಕ್ಕೆ ಹೋಗುವ ಸೀಸೆಯ ಹೆಸರು ಕೇಳಲು ಸಂಕೋಚವೇಕೆ?

ಇನ್ನು ಆಮ್ಲಜನಕದ ಕೋಣೆ. ಆಳ ನೀರಿನಿಂದ ಬೇಗನೆ ಮೇಲೆದ್ದ ಮುಳುಗುಗಾರರಿಗೆ, ಹೊಗೆಯ ವಿಷಕ್ಕೆ, ಸಕ್ಕರೆ ಕಾಯಿಲೆಯವರ ಮಾಯದ ಕಾಲುಹುಣ್ಣಿಗೆ ಅದು ನಿಜವಾಗಿ ಬಳಕೆಯಲ್ಲಿದೆ. ಮಂಡಿ ಸವೆತ ಆ ಪಟ್ಟಿಯಲ್ಲಿಲ್ಲ. ಕೀಲು ಬದಲಿಗೆಂದು ಕೂಡಿಟ್ಟ ಹಣವನ್ನು ಆ ಕೋಣೆಗೆ ಸುರಿಯಬೇಡಿರೆಂದು ನಮ್ಮ ಸದಸ್ಯರಲ್ಲಿ ವಿನಂತಿಸುತ್ತೇವೆ.