ಬೇಸ್ ಗಿಟಾರು: ತಂತಿ ನಾಲ್ಕೋ, ಐದೋ?

ಗಿಟಾರು ಕಲಿಯುವ ಮಕ್ಕಳಲ್ಲಿ ಕೆಲವರು ಬೇಸ್ ಗಿಟಾರಿನ ಕಡೆಗೆ ಒಲಿಯುವುದುಂಟು. ಅದನ್ನು ಕೊಡಿಸಲು ಅಂಗಡಿಗೆ ಹೋದ ತಂದೆತಾಯಿಗಳಿಗೆ ಬೇಗನೆ ಎದುರಾಗುವ ಪ್ರಶ್ನೆ, ತಂತಿ ನಾಲ್ಕಿರಬೇಕೋ ಐದಿರಬೇಕೋ ಎಂಬುದು. ಒಂದು ತಂತಿ ಅಧಿಕವಿದ್ದರೆ ಲಾಭವಲ್ಲವೇ ಎಂದು ತೋರುವುದು ಸಹಜ. ಆದರೆ ಸಂಬಳದಲ್ಲಿ ಉಳಿಸಿ ಕೊಂಡ ವಾದ್ಯ ಆರೇ ತಿಂಗಳಲ್ಲಿ ಮೂಲೆ ಸೇರಿದರೆ, ಹಣಕ್ಕಿಂತ ಮಗುವಿನ ಉತ್ಸಾಹ ಬತ್ತಿದ್ದೇ ದೊಡ್ಡ ನಷ್ಟ.

ಅಮೆರಿಕದ ಲಿಯೋ ಫೆಂಡರ್ ಅವರು ೧೯೫೧ರಲ್ಲಿ ಹೊರತಂದ ಪ್ರಿಸಿಷನ್ ಬೇಸ್‌ಗೆ ನಾಲ್ಕೇ ತಂತಿ. ಆಳೆತ್ತರದ ಡಬಲ್ ಬೇಸ್‌ನ ಶ್ರುತಿಯನ್ನೇ ಅದು ಅನುಸರಿಸಿತು: ದಪ್ಪ ತಂತಿಯಿಂದ ಮೊದಲುಗೊಂಡು ಇ, ಎ, ಡಿ, ಜಿ. ಅದೇ ಸಂಸ್ಥೆ ೧೯೬೫ರಲ್ಲಿ ಐದು ತಂತಿಯ ಬೇಸನ್ನು ತಂದಿತಾದರೂ ಅಲ್ಲಿ ಐದನೆಯದು ತಾರದ ಕಡೆಗೆ ಸೇರಿದ ಸಿ ತಂತಿ. ಅದು ಬಹುಕಾಲ ನಡೆಯಲಿಲ್ಲ. ಮಂದ್ರದ ಕಡೆಗೆ ಬಿ ತಂತಿಯನ್ನು ಸೇರಿಸುವ ಪದ್ಧತಿ ೧೯೭೦ರ ದಶಕದಲ್ಲಿ ತಲೆದೋರಿ, ೧೯೮೦ರ ದಶಕದಲ್ಲಿ ಬೇರೂರಿತು. ಸಿಂಥಸೈಜರ್ ಎಂಬ ವಿದ್ಯುನ್ಮಾನ ವಾದ್ಯವು ಇ ತಂತಿಗೂ ಎಟುಕದ ತಗ್ಗಿನ ಸ್ವರಗಳನ್ನು ಹೊರಡಿಸತೊಡಗಿದಾಗ ಬೇಸ್ ವಾದಕರೂ ಕೆಳಗಿಳಿಯಬೇಕಾಯಿತು. (ನಮ್ಮ ತಂಬೂರಿಯಲ್ಲಿಯೂ ನಾಲ್ಕು ತಂತಿಯದೇ ರೂಢಿ, ಐದು ತಂತಿಯದೂ ಉಂಟು.)

ಬಿ ತಂತಿಯಿಂದ ತಗ್ಗಿನ ಸ್ವರ ದೊರೆಯುವುದಷ್ಟೇ ಅಲ್ಲ. ಅದರ ಐದನೆಯ ಮೆಟ್ಟಿಲಿನಲ್ಲಿ ಇ ಸ್ವರವೇ ಸಿಗುವುದರಿಂದ ಕೈಯನ್ನು ದಂಡಿಯ ತುದಿಯವರೆಗೆ ಒಯ್ಯಬೇಕಾಗಿಲ್ಲ. ಇದು ನಿಜವಾದ ಅನುಕೂಲ. ಆದರೆ ದಂಡಿ ಅಗಲವಾಗುತ್ತದೆ, ಎಳೆಯ ಕೈ ಬೇಗ ಸೋಲುತ್ತದೆ. ನುಡಿಸದ ತಂತಿಯೂ ತಾನಾಗಿ ಗುಂಯ್‌ಗುಡುವುದರಿಂದ ಅದನ್ನು ಹೆಬ್ಬೆರಳಿನಿಂದ ಅದುಮಿಡುವ ಅಭ್ಯಾಸ ಬೇರೆ ಬೇಕು. ಇ ತಂತಿ ಸೆಕೆಂಡಿಗೆ ಸುಮಾರು ೪೧ ಸಲ ಕಂಪಿಸಿದರೆ ಬಿ ತಂತಿ ಸುಮಾರು ೩೧ ಸಲ. ಇಷ್ಟು ತಗ್ಗಿನ ನಾದವನ್ನು ಮನೆಯಲ್ಲಿಡುವ ಸಣ್ಣ ಸ್ಪೀಕರು ಪೂರ್ಣವಾಗಿ ಹೊರಡಿಸಲಾರದು. ಅಗ್ಗದ ವಾದ್ಯಗಳಲ್ಲಂತೂ ಬಿ ತಂತಿ ಸಡಿಲವಾಗಿ, ಮಂಕಾಗಿ ನುಡಿಯುವುದೇ ಹೆಚ್ಚು. ಆದುದರಿಂದ ಅಂಗಡಿಯಲ್ಲಿಯೇ ಇ ತಂತಿಯನ್ನೂ ಬಿ ತಂತಿಯನ್ನೂ ಒಂದಾದ ಮೇಲೊಂದು ಮೀಟಿಸಿ ಕೇಳಿರಿ. ಎರಡನೆಯದು ಗೊರಗೊರ ಎಂದರೆ ಆ ವಾದ್ಯ ಬೇಡ.

ಡೆಟ್ರಾಯಿಟ್‌ನ ಮೋಟೌನ್ ಸಂಸ್ಥೆಯ ಗೀತೆಗಳಿಗೆ ೧೯೬೦ರ ದಶಕದಲ್ಲಿ ಬೇಸ್ ನುಡಿಸಿದ ಜೇಮ್ಸ್ ಜೇಮರ್ಸನ್ ನಾಲ್ಕು ತಂತಿಯ ಮೇಲೆ, ಬಲಗೈಯ ತೋರುಬೆರಳೊಂದರಿಂದಲೇ ಮೀಟುತ್ತಿದ್ದರು. ಹೊಸದಾಗಿ ಕಲಿಯುವವರಿಗೆ ನಾಲ್ಕೇ ಸಾಕೆಂದು ನನ್ನ ಅಭಿಪ್ರಾಯ. ಮಗ ಅಥವಾ ಮಗಳು ಸೇರಿರುವ ತಂಡದ ಹಾಡುಗಳು ಪದೇ ಪದೇ ಇ ಸ್ವರದ ಕೆಳಗೆ ಇಳಿಯುವಂತಿದ್ದರೆ ಮಾತ್ರ ಐದನ್ನು ಯೋಚಿಸಬಹುದು. ಅಪರೂಪಕ್ಕೊಮ್ಮೆ ಬೇಕಾದರೆ ಇ ತಂತಿಯನ್ನು ಡಿ ಸ್ವರಕ್ಕೆ ಸಡಿಲಿಸಿಕೊಂಡರಾಯಿತು. ನಾಲ್ಕು ತಂತಿಯ ವಾದ್ಯಕ್ಕೇ ಬಿ, ಇ, ಎ, ಡಿ ತಂತಿಗಳನ್ನು ಬಿಗಿಯುವುದೂ ಸಾಧ್ಯ. ತಂತಿ ಕೂರುವ ಮೇಲ್ತುದಿಯ ಕಚ್ಚುಗಳನ್ನು ದುರಸ್ತಿಯವರಿಂದ ಅಗಲ ಮಾಡಿಸಬೇಕಾದೀತು.